ಎಂಟು ಕೊಡ ನೀರಿನ ಶ್ರೀಮಂತ

ವೈಶಾಲಿಯ ನೆರೆಯ ವಾಣಿಜ್ಯಗ್ರಾಮದಲ್ಲಿ ಆನಂದನೆಂಬ ಗೃಹಪತಿಯಿದ್ದ. ಅವನ ಹೊನ್ನಿನಲ್ಲಿ 4 ಕೋಟಿ ಭಂಡಾರದಲ್ಲಿತ್ತು, 4 ಕೋಟಿ ವ್ಯಾಪಾರದಲ್ಲಿ ತೊಡಗಿತ್ತು, ಇನ್ನು 4 ಕೋಟಿ ಮನೆ-ಮಠ, ಸಾಮಗ್ರಿಗಳ ರೂಪದಲ್ಲಿತ್ತು. ಹಿಂಡೊಂದಕ್ಕೆ 10,000 ಗೋವುಗಳಂತೆ ನಾಲ್ಕು ಹಿಂಡುಗಳು, 500 ನೇಗಿಲುಗಳು, ದೂರದ ಊರುಗಳಿಗೆ ಹೋಗಿಬರಲು 500 ಬಂಡಿಗಳು, ಸರಕು ಹೊರಲು ಮತ್ತೆ 500 ಬಂಡಿಗಳು, ಜೊತೆಗೆ ನಾವೆಗಳು. ಅರಸನಿಂದ ಹಿಡಿದು ಸಾಮಾನ್ಯ ವರ್ತಕನವರೆಗೆ ಎಲ್ಲರೂ ಅವನ ಸಲಹೆ ಕೇಳಿ ಕೆಲಸಕ್ಕೆ ಕೈಹಾಕುತ್ತಿದ್ದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಕೃಷಿ, ಹೈನು, ಸಾಗಣೆ, ಲೇವಾದೇವಿ ಎಲ್ಲವನ್ನೂ ಒಬ್ಬನೇ ನಡೆಸುತ್ತಿದ್ದ ದೊಡ್ಡ ಉದ್ಯಮಿ.

ಭಗವಾನ್ ಮಹಾವೀರರು ಊರ ಹೊರಗಿನ ಚೈತ್ಯಕ್ಕೆ ಬಂದಿದ್ದಾರೆಂದು ಕೇಳಿ ಆನಂದ ಕಾಲ್ನಡಿಗೆಯಲ್ಲಿ ಅಲ್ಲಿಗೆ ಹೋದ. ಧರ್ಮೋಪದೇಶ ಆಲಿಸಿದ. ಮನೆ ಬಿಟ್ಟು ಮುನಿಯಾಗುವ ಶಕ್ತಿ ತನಗಿಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳಿ, ಗೃಹಸ್ಥನಿಗೆ ಹೇಳಿದ 12 ವ್ರತಗಳನ್ನು ಸ್ವೀಕರಿಸಿದ. ಶ್ವೇತಾಂಬರ ಆಗಮಗಳಲ್ಲಿ ಏಳನೆಯ ಅಂಗವಾದ ಉಪಾಸಕದಶಾಂಗ ಹತ್ತು ಗೃಹಸ್ಥರ ಕಥೆಗಳನ್ನು ಹೇಳುತ್ತದೆ. ಅದರಲ್ಲಿ ಮೊದಲ ಕಥೆ ಈತನದು.

ಈ ಕಥೆಯಲ್ಲಿ ಓದುಗರನ್ನು ತಡೆದು ನಿಲ್ಲಿಸುವುದು ಅವನ ಸಂಪತ್ತಿನ ಪಟ್ಟಿಯಲ್ಲ, ಅದರ ಬೆನ್ನಿಗೆ ಬರುವ ಮಿತಿಗಳ ಪಟ್ಟಿ. ಸ್ನಾನಕ್ಕೆ ಎಂಟು ಕೊಡ ನೀರು, ಅದಕ್ಕಿಂತ ಹೆಚ್ಚಿಲ್ಲ. ಕುಡಿಯಲು ಆಕಾಶದಿಂದ ಬಿದ್ದ ಮಳೆಯ ನೀರು ಮಾತ್ರ. ಹಲ್ಲುಜ್ಜಲು ಒಂದೇ ಬಗೆಯ ಕಡ್ಡಿ, ಹಣ್ಣಿನಲ್ಲಿ ಒಂದು ಬಗೆಯ ನೆಲ್ಲಿ, ಉಡಲು ಒಂದು ಜೊತೆ ಬಟ್ಟೆ. 40,000 ಗೋವುಗಳ ಒಡೆಯ ತನ್ನ ಮೈ ಒರೆಸುವ ವಸ್ತ್ರವನ್ನೂ ಲೆಕ್ಕಕ್ಕೆ ತಂದುಕೊಂಡ. ಹಾಗೆಂದು ಅವನು ಒಂದು ಬಂಡಿಯನ್ನೂ ಮಾರಲಿಲ್ಲ, ಒಂದು ನೇಗಿಲನ್ನೂ ಮೂಲೆಗಿಡಲಿಲ್ಲ. ಇದ್ದದ್ದು ಇರಲಿ, ಇದರಾಚೆಗೆ ಇನ್ನೊಂದು ಬೇಡ ಎಂದು ಗೆರೆ ಎಳೆದ.

ಇದೆಂಥ ತ್ಯಾಗ ಎಂದು ಮೇಲ್ನೋಟಕ್ಕೆ ಅನ್ನಿಸಬಹುದು. 12 ಕೋಟಿ ಹೊನ್ನು ಇಟ್ಟುಕೊಂಡು 12 ಕೋಟಿಗೆ ಮಿತಿ ಹಾಕಿಕೊಳ್ಳುವುದು ಸುಲಭವಲ್ಲವೇ? ಉದ್ಯಮದ ಒಳಗಿರುವವರಿಗೆ ಗೊತ್ತು, ಅದು ಸುಲಭವಲ್ಲ. ಹೋದ ವರ್ಷಕ್ಕಿಂತ ಈ ವರ್ಷ ಹೆಚ್ಚು, ಈ ವರ್ಷಕ್ಕಿಂತ ಮುಂದಿನ ವರ್ಷ ಹೆಚ್ಚು ಎಂಬ ನಂಬಿಕೆಯ ಮೇಲೆಯೇ ಇಂದಿನ ಕಂಪನಿಗಳು ನಿಂತಿವೆ. 501ನೆಯ ಬಂಡಿ ಬೇಡವೆನ್ನುವ ವ್ಯವಸ್ಥಾಪಕನನ್ನು ನಿರ್ದೇಶಕ ಮಂಡಳಿ ಎಷ್ಟು ದಿನ ಇಟ್ಟುಕೊಂಡೀತು? ಪರಿಗ್ರಹ ಪರಿಮಾಣ ಅಥವಾ ಇಚ್ಛಾ ಪರಿಮಾಣ ಎಂಬ ವ್ರತದ ಕಷ್ಟವೆಲ್ಲ ಆ ಒಂದು ಬಂಡಿಯಲ್ಲಿದೆ.

ಪರಿಸರದ ಮಾತು ಬಂದಾಗ ಜೈನರು ಹೆಮ್ಮೆಯಿಂದ ನೆನೆಯುವ ದಿನ ಒಂದಿದೆ. 1990ರ ಅಕ್ಟೋಬರ್ 23ರಂದು ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ, ನ್ಯಾಯವಾದಿ ಲಕ್ಷ್ಮೀಮಲ್ಲ ಸಿಂಘ್ವಿಯವರು ರಚಿಸಿದ ನಿಸರ್ಗ ಕುರಿತ ಜೈನ ಘೋಷಣೆಯನ್ನು ರಾಜಕುಮಾರ ಫಿಲಿಪ್ ಅವರಿಗೆ ಅರ್ಪಿಸಲಾಯಿತು. ಹೆಮ್ಮೆ ಸರಿಯಾದದ್ದೇ. ಆದರೆ ಅಮೃತಶಿಲೆಯ ಗಣಿ, ವಜ್ರ, ಕಲ್ಲಿದ್ದಲು, ರಾಸಾಯನಿಕ, ಬಣ್ಣದ ವ್ಯಾಪಾರಗಳಲ್ಲಿಯೂ ಜೈನ ವರ್ತಕರಿದ್ದಾರೆ ಎಂಬುದನ್ನು ಮರೆತು ಆ ಘೋಷಣೆಯನ್ನು ಓದುವುದು ಅರ್ಧ ಓದು. ಏಕೆಂದರೆ ಶಾಸ್ತ್ರ ಈ ವಿಷಯದಲ್ಲಿ ನೇರವಾಗಿಯೇ ಮಾತನಾಡಿದೆ.

ಆನಂದನಿಗೆ ಹೇಳಿದ ಉಪದೇಶದಲ್ಲೇ 15 ಕರ್ಮಾದಾನಗಳ, ಅಂದರೆ ಶ್ರಾವಕನು ದೂರವಿಡಬೇಕಾದ ಹದಿನೈದು ಜೀವನೋಪಾಯಗಳ ಪಟ್ಟಿ ಬರುತ್ತದೆ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಅವನ್ನು ಬಿಡಿಸಿ ಹೇಳಿದ್ದಾರೆ. ದಿಗಂಬರ ಪರಂಪರೆಯ ಆಶಾಧರ ಪಂಡಿತರ ಸಾಗಾರಧರ್ಮಾಮೃತ ಇವನ್ನೇ ಖರಕರ್ಮಗಳೆಂದು ಚರ್ಚಿಸುತ್ತದೆ. ಇದ್ದಿಲು ಸುಡುವುದು, ಕಾಡು ಕಡಿದು ಮಾರುವುದು, ನೆಲವನ್ನು ಒಡೆದು ಅಗೆಯುವುದು, ದಂತದ ವ್ಯಾಪಾರ, ಅರಗಿನ ವ್ಯಾಪಾರ, ವಿಷದ ವ್ಯಾಪಾರ, ಯಂತ್ರದಲ್ಲಿ ಹಿಂಡುವುದು, ಪ್ರಾಣಿಗಳ ಅಂಗ ಛೇದಿಸುವುದು, ಕಾಡಿಗೆ ಬೆಂಕಿಯಿಡುವುದು, ಕೆರೆ-ಕೊಳಗಳನ್ನು ಬತ್ತಿಸುವುದು ಅದರಲ್ಲಿ ಸೇರಿವೆ. ಆನೆದಂತದ ಅಂತರರಾಷ್ಟ್ರೀಯ ವಹಿವಾಟನ್ನು ನಿಲ್ಲಿಸಲು ಜಗತ್ತಿನ ರಾಷ್ಟ್ರಗಳು ಒಪ್ಪಿದ್ದು 1989ರಲ್ಲಿ. ಸರಃಶೋಷಣ ಎಂಬ ಪದ ಕೇಳಿದಾಗ ಬೆಂಗಳೂರಿನವರಿಗೆ ನೊರೆಯುಕ್ಕಿ ಬೆಂಕಿ ಹೊತ್ತಿಕೊಂಡ ಬೆಳ್ಳಂದೂರು ಕೆರೆ ನೆನಪಾಗದೆ ಇರದು. ಪಟ್ಟಿ ಮಾಡಿದವರಿಗೆ ಕೆರೆ ಬತ್ತಿಸುವವನು ಗೊತ್ತಿದ್ದ. ಕೆರೆಯ ನೀರೇ ಹೊತ್ತಿ ಉರಿಯುವಂತೆ ಮಾಡುವ ಕಾಲವೊಂದು ಬಂದೀತೆಂದು ಅವರು ಊಹಿಸಿರಲಾರರು.

ಇಲ್ಲೊಂದು ತೊಡಕಿದೆ. ಬಂಡಿಯ ಕಸುಬೂ ಆ ಹದಿನೈದರಲ್ಲಿ ಒಂದು. ಹೇಮಚಂದ್ರರ ವಿವರಣೆಯಂತೆ ನೇಗಿಲಿನಿಂದ ನೆಲ ಸೀಳುವುದೂ ಇನ್ನೊಂದರೊಳಗೆ ಬರುತ್ತದೆ. ಹಾಗಾದರೆ 500 ನೇಗಿಲು, 1,000 ಬಂಡಿಗಳ ಆನಂದ ಆದರ್ಶ ಶ್ರಾವಕನಾದದ್ದು ಹೇಗೆ? ಇದನ್ನು ಶಾಸ್ತ್ರದ ವಿರೋಧಾಭಾಸವೆಂದು ನಕ್ಕು ಬಿಡುವವರಿದ್ದಾರೆ. ಆದರೆ ಈ ತೊಡಕೇ ವ್ಯವಸ್ಥಾಪಕನಾದವನಿಗೆ ಹೆಚ್ಚು ಹತ್ತಿರದ ಮಾತು. ಹಿಂಸೆಯ ಸೋಂಕಿಲ್ಲದ ಉದ್ಯಮ ಯಾವುದೂ ಇಲ್ಲವೆಂಬುದನ್ನು ಆಚಾರ್ಯರು ಬಲ್ಲವರಾಗಿದ್ದರು. ಆದ್ದರಿಂದಲೇ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದರು. ಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಗೃಹಸ್ಥ ಪೂರ್ತಿ ಬಿಡಬೇಕು. ಹೊಟ್ಟೆಪಾಡಿನ ಕಸುಬಿನಲ್ಲಿ ಆಗುವ ಉದ್ಯೋಗೀ ಹಿಂಸೆಯನ್ನು ಪೂರ್ತಿ ಬಿಡಲಾಗದು, ಆದರೆ ಅದಕ್ಕೊಂದು ಮೇರೆ ಇರಬೇಕು, ಅದರ ಬಗ್ಗೆ ಎಚ್ಚರವಿರಬೇಕು. ಬಿಡಲಾಗದು ಎಂಬ ಅರ್ಧವನ್ನು ಮಾತ್ರ ಕೇಳಿಸಿಕೊಂಡು, ಮೇರೆಯ ಅರ್ಧವನ್ನು ಕಿವಿಗೆ ಹಾಕಿಕೊಳ್ಳದವರೇ ಹೆಚ್ಚು.

ಮೇರೆ ಎಂದರೆ ಹೇಗಿರಬೇಕು? ದಿಗ್ವ್ರತದ ಚರ್ಚೆಯಲ್ಲಿ ಇದಕ್ಕೆ ಬಹಳ ಸೂಕ್ಷ್ಮವಾದ ಉತ್ತರವಿದೆ. ಇಂತಿಂಥ ದಿಕ್ಕಿನಲ್ಲಿ ಇಷ್ಟು ದೂರ ಮಾತ್ರ ನನ್ನ ವ್ಯವಹಾರ ಎಂದು ಗೊತ್ತುಪಡಿಸಿಕೊಳ್ಳುವುದು ದಿಗ್ವ್ರತ. ತತ್ತ್ವಾರ್ಥಸೂತ್ರ ಅದಕ್ಕೆ ಐದು ಅತಿಚಾರಗಳನ್ನು, ಅಂದರೆ ವ್ರತ ಸವೆಯುವ ಐದು ದಾರಿಗಳನ್ನು ಹೇಳುತ್ತದೆ. ಮೇಲಕ್ಕೆ ಮೀರುವುದು, ಕೆಳಕ್ಕೆ ಮೀರುವುದು, ಅಡ್ಡಕ್ಕೆ ಮೀರುವುದು ಮೊದಲ ಮೂರು. ಕನ್ನಡನಾಡಿನ ನಂಟುಳ್ಳ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇವುಗಳಿಗೆ ಕ್ರಮವಾಗಿ ಬೆಟ್ಟ ಹತ್ತುವುದು, ಬಾವಿಗಿಳಿಯುವುದು, ಬಿಲ ಹೊಗುವುದು ಎಂಬ ನಿದರ್ಶನ ಕೊಡುತ್ತಾರೆ. ನೆಲದಾಳಕ್ಕೂ ಒಂದು ಗಡಿಯುಂಟು ಎಂಬ ಅರಿವು ಎಷ್ಟು ಹಳೆಯದು! ಸಾವಿರ ಅಡಿ ಕೊಳವೆಬಾವಿ ಕೊರೆಯುವ ಕಾಲದಲ್ಲಿ ಈ ಕೆಳದಿಕ್ಕಿನ ಮಾತನ್ನು ಮತ್ತೊಮ್ಮೆ ಓದಬೇಕು.

ಉಳಿದ ಎರಡು ಅತಿಚಾರಗಳು ಇನ್ನೂ ಹರಿತವಾಗಿವೆ. ಒಂದು ಕ್ಷೇತ್ರವೃದ್ಧಿ, ಲೋಭದಿಂದ ಗಡಿಯನ್ನೇ ಹಿಗ್ಗಿಸಿಕೊಳ್ಳುವುದು. ಒಂದು ದಿಕ್ಕಿನಲ್ಲಿ ಬಳಸದೆ ಉಳಿದದ್ದನ್ನು ಇನ್ನೊಂದು ದಿಕ್ಕಿಗೆ ಸೇರಿಸಿ ಲೆಕ್ಕ ಸರಿದೂಗಿಸುವುದನ್ನೂ ಇದರಲ್ಲೇ ಎಣಿಸುವ ವ್ಯಾಖ್ಯಾನಗಳಿವೆ. ಇಲ್ಲಿ ಹೊಗೆ ಉಗುಳಿ, ಎಲ್ಲೋ ದೂರದಲ್ಲಿ ಗಿಡ ನೆಡುವವರಿಗೆ ಹಣ ಕೊಟ್ಟು, ಒಟ್ಟು ಲೆಕ್ಕ ಸೊನ್ನೆ ಎಂದು ಸಾರುವ ಕಂಪನಿಗಳ ಲೆಕ್ಕಿಗರು ಈ ಭಾಗವನ್ನು ಓದಿದರೆ ಮುಜುಗರಪಟ್ಟಾರು. ಇನ್ನೊಂದು ಸ್ಮೃತ್ಯಂತರಾಧಾನ, ಹಾಕಿಕೊಂಡ ಮಿತಿಯನ್ನು ಮರೆಯುವುದು. ಮರೆವು ದೋಷವಾದೀತೇ ಎಂದು ಕೇಳಬಹುದು. ವ್ರತ ತೊಟ್ಟವನಿಗೆ ಅದು ದೋಷವೇ. ಮುಂದಿನ ದಶಕದೊಳಗೆ ಇಷ್ಟು ಹೊಗೆ ತಗ್ಗಿಸುತ್ತೇವೆ ಎಂದು ವೇದಿಕೆಯ ಮೇಲೆ ಹೇಳಿದ ಅಧಿಕಾರಿ ಎರಡು ವರ್ಷಗಳಲ್ಲಿ ಬೇರೆ ಕಂಪನಿಗೆ ಹೋಗುತ್ತಾನೆ. ಅವನ ಜಾಗಕ್ಕೆ ಬಂದವನಿಗೆ ಆ ಮಾತು ಯಾರೋ ಆಡಿದ ಮಾತು. ಮರೆವಿಗೆ ಸಂಸ್ಥೆಯಲ್ಲಿ ಯಾರೂ ಹೊಣೆಯಲ್ಲ.

ಗಡಿ ಹಿಗ್ಗುವುದೆಂದರೇನು ಎಂಬುದನ್ನು ಕರ್ನಾಟಕ ಕಣ್ಣಾರೆ ಕಂಡಿದೆ. ಕಬ್ಬಿಣದ ಅದಿರಿನ ಗಣಿಗಾರಿಕೆ ಮಿತಿಮೀರಿ ಬಳ್ಳಾರಿಯ ಗುಡ್ಡಗಳು ಕರಗಿಹೋದಾಗ 2011ರಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಗಣಿಗಾರಿಕೆಯನ್ನೇ ತಡೆಯಿತು. 2013ರಲ್ಲಿ ಮತ್ತೆ ಅವಕಾಶ ಕೊಟ್ಟಾಗ ವರ್ಷಕ್ಕೆ ಬಳ್ಳಾರಿಯಲ್ಲಿ 2.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಒಟ್ಟು 50 ಲಕ್ಷ ಟನ್ ಎಂದು ಮಿತಿ ಹಾಕಿತು. ಆ ಮಿತಿ 2017ರಲ್ಲಿ 2.8 ಕೋಟಿ ಮತ್ತು 70 ಲಕ್ಷವಾಯಿತು. 2022ರಲ್ಲಿ 3.5 ಕೋಟಿ ಮತ್ತು 1.5 ಕೋಟಿಯಾಯಿತು. ಪ್ರತಿ ಏರಿಕೆಯ ಹಿಂದೆಯೂ ವಾದಗಳಿದ್ದವು, ಉಕ್ಕಿನ ಕಾರ್ಖಾನೆಗಳ ಅಗತ್ಯವಿತ್ತು, ದುಡಿಯುವವರ ಅನ್ನದ ಪ್ರಶ್ನೆಯೂ ಇತ್ತು. ಅದನ್ನು ಅಲ್ಲಗಳೆಯುವಂತಿಲ್ಲ. ಆದರೂ ಹೊರಗಿನವರು ಹಾಕಿದ ಮಿತಿಗೂ ತಾನೇ ಹಾಕಿಕೊಂಡ ಮಿತಿಗೂ ಇರುವ ಅಂತರ ಇಲ್ಲಿ ಕಾಣುತ್ತದೆ. ಹೊರಗಿನ ಮಿತಿಯನ್ನು ಉದ್ಯಮಿ ಸದಾ ತಳ್ಳಿ ನೋಡುತ್ತಿರುತ್ತಾನೆ, ಇನ್ನಷ್ಟು ಕೊಡಿ ಎಂದು ಅರ್ಜಿ ಹಾಕುತ್ತಿರುತ್ತಾನೆ. ಆನಂದನ 500 ಬಂಡಿಗಳ ಮಿತಿಯನ್ನು ಏರಿಸಿಕೊಡಿ ಎಂದು ಅರ್ಜಿ ಹಾಕಲು ಯಾವ ಕಚೇರಿಯೂ ಇರಲಿಲ್ಲ.

ಮಿತಿಯ ಮಾತಾಯಿತು. ಇನ್ನು ಹೊಣೆಯ ಲೆಕ್ಕ. ಜಪಮಾಲೆಯ ಮಣಿಗಳು 108 ಏಕೆ ಎಂಬುದಕ್ಕೆ ಜೈನರಲ್ಲಿ ಒಂದು ವಿವರಣೆಯಿದೆ, ಅದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಿಂದ ಬಂದದ್ದು. ಯಾವುದೇ ಪಾಪಕಾರ್ಯಕ್ಕೆ ಮೂರು ಹಂತಗಳು: ಮಾಡಬೇಕೆಂದು ನಿಶ್ಚಯಿಸುವುದು ಸಂರಂಭ, ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಸುವುದು ಸಮಾರಂಭ, ಕೆಲಸಕ್ಕೆ ತೊಡಗುವುದು ಆರಂಭ. ಈ ಮೂರೂ ಮನಸ್ಸು, ಮಾತು, ಮೈಗಳಿಂದ ನಡೆಯುತ್ತವೆ. ಅದನ್ನು ತಾನೇ ಮಾಡಬಹುದು, ಬೇರೆಯವರಿಂದ ಮಾಡಿಸಬಹುದು, ಮಾಡಿದವರನ್ನು ಅನುಮೋದಿಸಬಹುದು. ಹಿಂದೆ ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳಲ್ಲಿ ಒಂದಿರುತ್ತದೆ. ಮೂರು, ಮೂರು, ಮೂರು, ನಾಲ್ಕು ಗುಣಿಸಿದರೆ 108.

ಈ ಲೆಕ್ಕದಲ್ಲಿ ಕೃತ, ಕಾರಿತ, ಅನುಮತ ಎಂಬ ಮೂರು ಮಾತುಗಳ ಮುಂದೆ ಉದ್ಯಮಿ ಸ್ವಲ್ಪ ಹೊತ್ತು ಕುಳಿತರೆ ಲಾಭವುಂಟು. ತನ್ನ ಕಾರ್ಖಾನೆಯ ಚಿಮಣಿಯ ಹೊಗೆ ಕೃತ. ತನ್ನ ಬೆಲೆಗೆ ಒಪ್ಪಿ, ತನ್ನ ಗಡುವಿಗೆ ಓಡುವ ಗುತ್ತಿಗೆದಾರ ಸುರಿಯುವ ತ್ಯಾಜ್ಯ ಕಾರಿತ. ಕಡಿಮೆ ಬೆಲೆಗೆ ಕಚ್ಚಾವಸ್ತು ಎಲ್ಲಿಂದ ಬಂತೆಂದು ಕೇಳದೆ ಬಿಲ್ಲಿಗೆ ಸಹಿ ಹಾಕುವುದು ಅನುಮತ. ಕೊನೆಯದರಲ್ಲಿ ಕೈಗೆ ಮಸಿ ಹತ್ತುವುದೇ ಇಲ್ಲ. ಭಾರತದಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಕಂಪನಿಗಳು ತಮ್ಮ ಪರಿಸರ ಹಾಗೂ ಸಾಮಾಜಿಕ ಹೊಣೆಗಾರಿಕೆಯ ವರದಿ ಸಲ್ಲಿಸುವುದನ್ನು 2022-23ರಿಂದ ಕಡ್ಡಾಯ ಮಾಡಿತು. ಇಂಗಾಲದ ಲೆಕ್ಕ ಹಿಡಿಯುವವರು ಇಂದು ಹೊಗೆಯನ್ನು ಮೂರು ವಲಯಗಳಾಗಿ ವಿಂಗಡಿಸುತ್ತಾರೆ: ತಾನು ಸುಟ್ಟದ್ದು, ತಾನು ಕೊಂಡ ವಿದ್ಯುತ್ತಿಗಾಗಿ ಬೇರೆಡೆ ಸುಟ್ಟದ್ದು, ಸರಕಿನ ಹಿಂದುಮುಂದಿನ ಸರಪಳಿಯಲ್ಲಿ ಇತರರು ಸುಟ್ಟದ್ದು. ಎರಡು ವಿಂಗಡಣೆಗಳೂ ಒಂದೇ ಅಲ್ಲ. ಆದರೆ ಹೊಣೆ ಕಾರ್ಖಾನೆಯ ಕಾಂಪೌಂಡಿನೊಳಗೆ ಮುಗಿಯುವುದಿಲ್ಲ ಎಂಬಲ್ಲಿ ಎರಡೂ ಕೂಡುತ್ತವೆ. ಹಂತಗಳ ವಿಷಯದಲ್ಲಿ ಶಾಸ್ತ್ರ ಇನ್ನೂ ಒಂದು ಹೆಜ್ಜೆ ಮುಂದಿದೆ. ಪರಿಸರದ ಅನುಮತಿ ಕೇಳುವ ಹೊತ್ತಿಗೆ ಯೋಜನೆಯ ಭೂಮಿ ಕೊಂಡಾಗಿರುತ್ತದೆ, ಯಂತ್ರಕ್ಕೆ ಮುಂಗಡ ಕೊಟ್ಟಾಗಿರುತ್ತದೆ. ಸಂರಂಭ, ಸಮಾರಂಭ ಎರಡೂ ಮುಗಿದು, ಆರಂಭದ ಬಾಗಿಲಲ್ಲಿ ನಿಂತು ತಪ್ಪೋ ಸರಿಯೋ ಎಂದು ಯೋಚಿಸುವ ಪದ್ಧತಿ ಅದು. ನಿಶ್ಚಯ ಮಾಡುವ ಕೋಣೆಯಲ್ಲೇ ಕೇಳಬೇಕಾದ ಪ್ರಶ್ನೆಯನ್ನು ಗುಂಡಿ ತೋಡುವಾಗ ಕೇಳಿದರೆ ಉತ್ತರ ಮೊದಲೇ ಗೊತ್ತಿರುತ್ತದೆ.

ಅಚೌರ್ಯ ವ್ರತದ ಅತಿಚಾರಗಳೂ ವರ್ತಕನನ್ನೇ ಎದುರಿಗೆ ಕೂರಿಸಿಕೊಂಡು ಹೇಳಿದಂತಿವೆ. ಕಳವಿನ ಮಾಲು ಕೊಳ್ಳುವುದು, ತೂಕದಲ್ಲಿ ಮೋಸ, ರಾಜ್ಯದ ಕಟ್ಟಳೆ ಮೀರುವುದು, ಪ್ರತಿರೂಪಕ ವ್ಯವಹಾರ. ಕಟ್ಟಳೆಯ ಮಾತು ಸ್ಪಷ್ಟವಾಗಿಯೇ ಇದೆ: ತನಿಖೆಗೆ ಬರುವ ದಿನ ಶುದ್ಧೀಕರಣ ಘಟಕ ನಡೆಸಿ, ಉಳಿದ ರಾತ್ರಿಗಳಲ್ಲಿ ಕೊಳಕು ನೀರನ್ನು ರಾಜಕಾಲುವೆಗೆ ಬಿಡುವುದು ಪರಿಸರದ ಅಪರಾಧವಷ್ಟೇ ಅಲ್ಲ, ಜೈನ ದೃಷ್ಟಿಯಲ್ಲಿ ಅದು ಕಳ್ಳತನದ ನೆರೆಮನೆ. ಪ್ರತಿರೂಪಕ ವ್ಯವಹಾರವೆಂದರೆ ಅಸಲಿಯಂತೆ ಕಾಣುವ ನಕಲಿಯನ್ನು ಅಸಲಿಯೆಂದು ಮಾರುವುದು. ಹಸಿರು ಎಲೆಯ ಚಿತ್ರ ಅಚ್ಚುಮಾಡಿದ ಪೊಟ್ಟಣದೊಳಗೆ ಹಳೆಯ ಸರಕನ್ನೇ ತುಂಬಿ ನಿಸರ್ಗಸ್ನೇಹಿ ಎಂದು ಕರೆಯುವುದಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ.

ನೀರಿನ ವಿಷಯವನ್ನು ಪ್ರತ್ಯೇಕವಾಗಿಯೇ ನೋಡಬೇಕು. ಆಡಳಿತದ ಭಾಷೆಯಲ್ಲಿ ನೀರು ಒಂದು ಸಂಪನ್ಮೂಲ. ಜೈನ ತತ್ತ್ವದಲ್ಲಿ ನೀರಿನೊಳಗೆ ಜೀವಿಗಳಿವೆ ಎಂಬುದಷ್ಟೇ ಅಲ್ಲ, ನೀರೇ ಅಪ್ಕಾಯಿಕ ಎಂಬ ಏಕೇಂದ್ರಿಯ ಜೀವಗಳ ಶರೀರ. ಮಣ್ಣು, ಬೆಂಕಿ, ಗಾಳಿ, ಸಸ್ಯಗಳೂ ಹಾಗೆಯೇ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ, ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕತ್ತರಿಸುವುದು ಮುಂತಾದವನ್ನು ಪ್ರಮಾದಚರ್ಯೆ ಎಂದು ಕರೆದು ಅನರ್ಥದಂಡದಲ್ಲಿ ಸೇರಿಸುತ್ತದೆ. ಅನರ್ಥದಂಡ ಎಂದರೆ ಯಾರಿಗೂ ಪ್ರಯೋಜನವಾಗದ ಹಿಂಸೆ. ಸೋರುವ ಕೊಳಾಯಿ, ಯಾರೂ ಇಲ್ಲದ ಸಭಾಂಗಣದಲ್ಲಿ ರಾತ್ರಿಯಿಡೀ ಉರಿಯುವ ದೀಪ, ಓಡದೆ ನಿಂತ ಲಾರಿಯ ಎಂಜಿನ್ನು. ಉದ್ಯೋಗೀ ಹಿಂಸೆಗೆ ಹೊಟ್ಟೆಪಾಡಿನ ನೆಪವಾದರೂ ಇದೆ, ಇದಕ್ಕೆ ಆ ನೆಪವೂ ಇಲ್ಲ. ವೆಚ್ಚ ತಗ್ಗಿಸುವ ವ್ಯವಸ್ಥಾಪಕ ಇದನ್ನು ಪೋಲು ಎನ್ನುತ್ತಾನೆ. ಶ್ರಾವಕನ ಪಟ್ಟಿಯಲ್ಲಿ ಅದರ ಹೆಸರು ಹಿಂಸೆ.

ಹಳೆಯ ಜೈನ ಮನೆಗಳಲ್ಲಿ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ ಬಳಸುವ ಪದ್ಧತಿ ಎಲ್ಲರಿಗೂ ಗೊತ್ತು. ಅದರ ಎರಡನೆಯ ಭಾಗ ಅಷ್ಟಾಗಿ ನೆನಪಿನಲ್ಲಿಲ್ಲ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಯಾವ ಬಾವಿಯಿಂದ ನೀರು ಸೇದಿದರೋ ಅದೇ ಬಾವಿಗೆ, ಎತ್ತರದಿಂದ ಎರಚದೆ, ಮೆಲ್ಲನೆ ಇಳಿಸಬೇಕು. ಬೇರೆ ಬಾವಿಗೆ ಬಿಟ್ಟರೆ ಅಲ್ಲಿಯ ನೀರು ಅವಕ್ಕೆ ಒಗ್ಗದು ಎಂಬ ಕಾಳಜಿ. ಒಂದು ಕೊಡ ನೀರು ತೆಗೆದುಕೊಂಡ ಗೃಹಿಣಿ ಆ ಬಾವಿಗೆ ಏನನ್ನು ಹಿಂತಿರುಗಿಸಬೇಕು, ಹೇಗೆ ಹಿಂತಿರುಗಿಸಬೇಕು ಎಂಬುದು ಗೊತ್ತಿತ್ತು. ದಿನಕ್ಕೆ ಲಕ್ಷಾಂತರ ಲೀಟರ್ ನದಿನೀರು ಎತ್ತುವ ಕಾರ್ಖಾನೆಗೆ ಈ ಪ್ರಶ್ನೆ ಕೇಳಿದರೆ ಉತ್ತರ ಬರುವುದು ಕಾನೂನು ವಿಭಾಗದಿಂದ.

ನೀರಿನ ದಾರಿಯಲ್ಲಿ ನಡೆದವರಿಲ್ಲದಿಲ್ಲ. ಮಹಾರಾಷ್ಟ್ರದ ಜಳಗಾವಿಯ ಭವರ್‌ಲಾಲ್ ಜೈನ್ 1963ರಲ್ಲಿ ಸಣ್ಣದಾಗಿ ವ್ಯಾಪಾರ ಆರಂಭಿಸಿ, ಮುಂದೆ ಹನಿ ನೀರಾವರಿಯ ಕೊಳವೆಗಳನ್ನು ದೇಶದ ಸಣ್ಣ ರೈತರ ಹೊಲಗಳಿಗೆ ಮುಟ್ಟಿಸಿದರು. 2008ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಆ ಕೊಳವೆಗಳೂ ಪ್ಲಾಸ್ಟಿಕ್ಕಿನವೇ, ಅಲ್ಲಿಯೂ ಹಿಂಸೆ ಸೊನ್ನೆಯಲ್ಲ. ಆದರೆ ಕಾಲುವೆ ತುಂಬ ಹರಿಸುತ್ತಿದ್ದ ನೀರನ್ನು ಬೇರಿನ ಬುಡಕ್ಕೆ ಹನಿಹನಿಯಾಗಿ ಇಳಿಸುವುದು ಮಿತಿಯ ವಿಚಾರವೇ ಹೊರತು ಬೇರೇನಲ್ಲ. ಕರ್ನಾಟಕದಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದ ಗ್ರಾಮಾಭಿವೃದ್ಧಿ ಯೋಜನೆ ಊರೂರುಗಳಲ್ಲಿ ಹೂಳು ತುಂಬಿದ ಕೆರೆಗಳಿಗೆ ಮರುಜೀವ ಕೊಡುತ್ತಿದೆ. ಕರ್ಮಾದಾನಗಳ ಪಟ್ಟಿಯ ಸರಃಶೋಷಣಕ್ಕೆ ನೇರ ಎದುರಾದ ಕೆಲಸ ಅದು.

ಶ್ರವಣಬೆಳಗೊಳದ ಜೈನಮಠದ ಗೋಡೆಯ ಮೇಲಿನ ವರ್ಣಚಿತ್ರಗಳಲ್ಲಿ ಒಂದು ಮರವಿದೆ, ಅದರ ಬಳಿ ಆರು ಜನರಿದ್ದಾರೆ. ಲೇಶ್ಯಾವೃಕ್ಷದ ಕಥೆ ಮಕ್ಕಳಿಗೂ ಗೊತ್ತಿರುವುದೇ: ಹಸಿದ ಆರು ಜನ ಹಣ್ಣಿನ ಮರ ಕಂಡರು. ಒಬ್ಬ ಬುಡವನ್ನೇ ಕಡಿಯೋಣವೆಂದ, ಇನ್ನೊಬ್ಬ ಹೆಗ್ಗೊಂಬೆಯೆಂದ, ಮತ್ತೊಬ್ಬ ಸಣ್ಣ ಕೊಂಬೆಯೆಂದ, ನಾಲ್ಕನೆಯವ ಗೊಂಚಲು ಸಾಕೆಂದ, ಐದನೆಯವ ಮಾಗಿದ ಹಣ್ಣು ಮಾತ್ರವೆಂದ, ಆರನೆಯವ ನೆಲಕ್ಕೆ ಬಿದ್ದದ್ದನ್ನು ಆರಿಸಿಕೊಂಡ. ಈ ಕಥೆಯನ್ನು ಹೇಳುವಾಗ ಆರನೆಯವನನ್ನು ಹೊಗಳಿ ಮುಗಿಸುವುದು ವಾಡಿಕೆ. ಉದ್ಯಮದ ಕಡೆಯಿಂದ ನೋಡಿದರೆ ಬೇರೆ ಎರಡು ಸಂಗತಿಗಳು ಕಾಣುತ್ತವೆ. ಆರೂ ಜನರ ಹಸಿವು ಒಂದೇ, ಅದನ್ನು ಕಥೆ ತಪ್ಪೆನ್ನುವುದಿಲ್ಲ. ಮತ್ತು ಆರೂ ಜನರ ಹೊಟ್ಟೆ ತುಂಬಲು ಬೇಕಾದ ಹಣ್ಣುಗಳ ಸಂಖ್ಯೆಯೂ ಹೆಚ್ಚುಕಡಿಮೆ ಒಂದೇ. ಬುಡ ಕಡಿಯ ಹೊರಟವನಿಗೆ ಹೆಚ್ಚಿನ ಹಣ್ಣು ಬೇಕಿರಲಿಲ್ಲ, ಮರ ಹತ್ತುವ ತಾಳ್ಮೆ ಇರಲಿಲ್ಲ. ಮೂರು ತಿಂಗಳಿಗೊಮ್ಮೆ ಲಾಭ ತೋರಿಸಬೇಕಾದ ಅವಸರದಲ್ಲಿ ಎಷ್ಟು ಮರಗಳು ಬುಡಸಹಿತ ಉರುಳಿವೆಯೋ.

ಆನಂದ 14 ವರ್ಷ ಹೀಗೆ ವ್ರತಗಳನ್ನು ಪಾಲಿಸುತ್ತಾ ವ್ಯವಹಾರ ನಡೆಸಿದ. ಹದಿನೈದನೆಯ ವರ್ಷದಲ್ಲಿ ನೆಂಟರಿಷ್ಟರನ್ನು ಕರೆಸಿ, ಅವರ ಎದುರಿನಲ್ಲಿ ಹಿರಿಯ ಮಗನಿಗೆ ಎಲ್ಲವನ್ನೂ ಒಪ್ಪಿಸಿದ. ಇನ್ನು ಯಾವ ವಿಷಯಕ್ಕೂ ತನ್ನನ್ನು ಕೇಳಬೇಡಿ ಎಂದು ಹೇಳಿ, ಕೋಲ್ಲಾಗದ ಪೌಷಧಶಾಲೆಗೆ ಹೊರಟುಹೋದ. ಅಲ್ಲಿ ಶ್ರಾವಕನ ಹನ್ನೊಂದು ಪ್ರತಿಮೆಗಳನ್ನು ಸಾಧಿಸಿ, ಕೊನೆಗೆ ಸಲ್ಲೇಖನ ಕೈಗೊಂಡ. ಆಗ ಅವನಿಗೆ ಅವಧಿಜ್ಞಾನ ಉಂಟಾಯಿತು. ಮೂರು ದಿಕ್ಕುಗಳಲ್ಲಿ ಸಮುದ್ರದೊಳಗೆ 500 ಯೋಜನದವರೆಗೆ, ಉತ್ತರದಲ್ಲಿ ಹಿಮವತ್ ಪರ್ವತದವರೆಗೆ, ಮೇಲೆ ಸೌಧರ್ಮ ಸ್ವರ್ಗದವರೆಗೆ, ಕೆಳಗೆ ಮೊದಲ ನರಕದವರೆಗೆ ಅವನಿಗೆ ಕಾಣತೊಡಗಿತು. ತನ್ನ ಬಂಡಿಗಳಿಗೆ ದಿಕ್ಕುಗಳ ಗಡಿ ಹಾಕಿಕೊಂಡವನ ಕಣ್ಣಿಗೆ ಆ ದಿಕ್ಕುಗಳೇ ತೆರೆದುಕೊಂಡವು.

ಭಿಕ್ಷೆಗೆ ಬಂದಿದ್ದ ಗೌತಮ ಗಣಧರರು ಅವನನ್ನು ನೋಡಲು ಬಂದರು. ಎದ್ದು ಹೋಗುವ ಶಕ್ತಿಯಿಲ್ಲದ ಆನಂದ ಅವರನ್ನು ಹತ್ತಿರಕ್ಕೆ ಕರೆದು ನಮಸ್ಕರಿಸಿ, ತಾನು ಕಂಡದ್ದನ್ನು ಹೇಳಿದ. ಗೃಹಸ್ಥನಿಗೆ ಅಷ್ಟು ದೂರದ ಜ್ಞಾನ ಆಗಲಾರದು, ಈ ಮಾತಿಗೆ ಪ್ರಾಯಶ್ಚಿತ್ತ ಮಾಡಿಕೊ ಎಂದರು ಗೌತಮರು. ನಿಜ ಹೇಳಿದವನಿಗೆ ಪ್ರಾಯಶ್ಚಿತ್ತವುಂಟೇ ಎಂದು ಆನಂದ ವಿನಯದಿಂದ ಕೇಳಿದ. ಸಂಶಯಗೊಂಡ ಗೌತಮರು ಮಹಾವೀರರ ಬಳಿಗೆ ಹೋಗಿ ನಡೆದದ್ದನ್ನು ತಿಳಿಸಿದರು. ಆನಂದ ಹೇಳಿದ್ದು ಸರಿ, ಕ್ಷಮೆ ಕೇಳಬೇಕಾದವನು ನೀನು ಎಂದರು ಭಗವಂತರು. ಸಾವಿರಾರು ಮುನಿಗಳಿಗೆ ಹಿರಿಯರಾದ ಗೌತಮರು ಮತ್ತೆ ಕೋಲ್ಲಾಗದ ದಾರಿ ಹಿಡಿದು, ಆ ವರ್ತಕನ ಬಳಿಗೆ ಹೋಗಿ ಕ್ಷಮೆ ಕೇಳಿದರು.